ಅಲೆಕ್ಸಾಂಡರ್ ಡಲ್ಲಾಸ್ ಬೇಚ್ ಎಂಜಿನಿಯರೋ, ಮೇಷ್ಟ್ರೋ?

ಎರಡೂ ಹೌದು. ಅಮೆರಿಕದ ಹೆಸರಾಂತ ವಿಜ್ಞಾನಿ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್‌ರ ಮರಿಮಗನಾದ ಬೇಚ್ 1806ರಲ್ಲಿ ಅಲ್ಲಿನ ಫಿಲಡೆಲ್ಫಿಯಾ ನಗರದಲ್ಲಿ ಹುಟ್ಟಿದರು. ವೆಸ್ಟ್ ಪಾಯಿಂಟ್ ಎಂಬ ಸೇನಾ ಅಕಾಡೆಮಿಯಲ್ಲಿ ಓದಿ ಸೇನೆಯ ಎಂಜಿನಿಯರ್ ಆದರು, 1828ರಲ್ಲಿ ಪ್ರಾಧ್ಯಾಪಕರಾದರು.

ನನಗೆ ತುಂಬಾ ಇಷ್ಟವಾಗುವುದು ಅವರ ಬಾಯ್ಲರ್ ಕೆಲಸ. ಆಗ ಹಬೆ ದೋಣಿಗಳ ಬಾಯ್ಲರ್ ಸಿಡಿದು ಜನ ಸಾಯುತ್ತಿದ್ದರು. ಫಿಲಡೆಲ್ಫಿಯಾದ ವಿಜ್ಞಾನ ಸಂಸ್ಥೆಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನ ಸಮಿತಿ ಬೇಚ್ ನೇತೃತ್ವದಲ್ಲಿ, ಸರ್ಕಾರದ ಹಣದಿಂದ, ಇದಕ್ಕೆ ಕಾರಣ ಹುಡುಕಲು ಪ್ರಯೋಗ ಮಾಡಿತು. ಸುಮ್ನೆ ಊಹೆ ಮಾಡಲಿಲ್ಲ, ಹಬೆಯ ಒತ್ತಡ, ತಗಡಿನ ಬಲ ಎಲ್ಲ ಅಳೆದು ನೋಡಿದರು. ಜನರ ಜೀವ ಉಳಿಸಲು ವಿಜ್ಞಾನ ಬಳಸುವುದು ಅಂದರೆ ಇದೇ ಅಲ್ವಾ?

ಆಮೇಲೆ ಗಿರಾರ್ಡ್ ಕಾಲೇಜಿನ ಅಧ್ಯಕ್ಷರಾಗಿ, ಯುರೋಪಿನ ಶಾಲೆಗಳನ್ನು ನೋಡಿ ಬಂದು 1839ರಲ್ಲಿ ದೊಡ್ಡ ವರದಿ ಕೊಟ್ಟರು. ಫಿಲಡೆಲ್ಫಿಯಾದ ಸೆಂಟ್ರಲ್ ಹೈಸ್ಕೂಲನ್ನೂ ನಡೆಸಿದರು. 1843ರಿಂದ 1867ರಲ್ಲಿ ತೀರಿಕೊಳ್ಳುವವರೆಗೂ ಅಮೆರಿಕದ ಕರಾವಳಿಯನ್ನು ಅಳೆದು ನಕ್ಷೆ ಮಾಡುವ ಸರ್ಕಾರಿ ಸಂಸ್ಥೆಯಾದ ಕರಾವಳಿ ಸರ್ವೆಯ ಮುಖ್ಯಸ್ಥರಾಗಿದ್ದರು. 1863ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಮೊದಲ ಅಧ್ಯಕ್ಷರಾದವರೂ ಇವರೇ.