ಗಾಯನ ಮಂಡಳಿಯ ಸ್ನೇಹಕ್ಕೆ ಕಾವಲು ಬೇಕೇ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ. ಅವರು ವಿವಾಹಿತೆ, ಶಾಲಾ ಶಿಕ್ಷಕಿ, ತಮ್ಮ ಕ್ರೈಸ್ತ ಸಭೆಯ ಗಾಯನ ಮಂಡಳಿಯಲ್ಲಿ ಹಾಡುವವರು. ಅಲ್ಲಿ ಕೀಬೋರ್ಡ್ ನುಡಿಸುವ ಸಹೋದರರೊಬ್ಬರೊಡನೆ ಅಭ್ಯಾಸ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ಮುಂದಿನ ಭಾನುವಾರದ ಹಾಡುಗಳ ಬಗ್ಗೆಯೋ ಓದಿದ ಪುಸ್ತಕಗಳ ಬಗ್ಗೆಯೋ ಮಾತನಾಡುವುದನ್ನು ಕೆಲವರು ಆಕ್ಷೇಪಿಸಿದ್ದಾರೆ. ಸಭಾಪಾಲಕರು ‘ಜನರ ಬಾಯಿಗೆ ಬೀಳಬೇಡಿ’ ಎಂದು ಅವರಿಗೆ ಬುದ್ಧಿ ಹೇಳಿದ್ದಾರೆ, ಆ ಸಹೋದರರಿಗೆ ಏನೂ ಹೇಳಿಲ್ಲ. ಈ ಬುದ್ಧಿವಾದ ಸತ್ಯವೇದಕ್ಕೆ (ಬೈಬಲಿಗೆ) ಒಪ್ಪುವಂಥದೇ, ತಾವು ಮಂಡಳಿಯನ್ನು ಬಿಡಬೇಕೇ ಎಂಬುದು ಅವರ ಪ್ರಶ್ನೆ.

ಪ್ರಿಯ ಸಹೋದರಿಯವರೇ,

ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯವನ್ನು ನಾವು ಬರೀ ಹೆಸರುಗಳ ಪಟ್ಟಿಯೆಂದು ದಾಟಿಬಿಡುತ್ತೇವೆ. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ ತನಗೂ ಅನೇಕರಿಗೂ ನೆರವಾದವಳೆಂದು ಅವನು ಅಲ್ಲಿ ಹೇಳುತ್ತಾನೆ. ರೂಫನ ತಾಯಿ ತನಗೂ ತಾಯಿಯೆನ್ನುತ್ತಾನೆ. ಪ್ರಿಸ್ಕಳೂ ಅಕ್ವಿಲನೂ ತನಗಾಗಿ ಪ್ರಾಣವನ್ನೇ ಅಪಾಯಕ್ಕೊಡ್ಡಿದರೆಂದು ನೆನೆಯುತ್ತಾನೆ. ಕೊರಿಂಥದಲ್ಲಿ ಆ ದಂಪತಿಗಳ ಮನೆಯಲ್ಲೇ ಉಳಿದು ಅವರೊಡನೆ ಗುಡಾರ ಹೊಲಿದವನು ಅವನು. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಯೌವನಸ್ತ್ರೀಯರನ್ನು ಪೂರ್ಣ ಶುದ್ಧಭಾವದಿಂದ ಅಕ್ಕತಂಗಿಯರೆಂದೆಣಿಸಬೇಕು ಎಂಬ ಮಾತಿದೆಯೇ ಹೊರತು ಅವರಿಂದ ದೂರವಿರಬೇಕೆಂಬ ಮಾತಿಲ್ಲ. ಅಕ್ಕತಂಗಿಯರೊಡನೆ ಮಾತು ಬಿಟ್ಟು ಬದುಕುವ ಮನೆ ಯಾವುದು?

ನಿಮ್ಮ ಸಂಕಟ ಹೊಸದಲ್ಲ. ಸತ್ಯವೇದವನ್ನು ಲ್ಯಾಟಿನ್ನಿಗೆ ಅನುವಾದಿಸಿದ, ಆಗ ರೋಮಿನಲ್ಲಿದ್ದ ಸಂತ ಜೆರೋಮರಿಗೂ ಪೌಲಾ ಎಂಬ ಶ್ರೀಮಂತ ವಿಧವೆಗೂ ಇದ್ದ ಒಡನಾಟವನ್ನು ನಗರವೆಲ್ಲ ಆಡಿಕೊಂಡಿತು. ಆಸರೆಯಾಗಿದ್ದ ಪೋಪ್ ದಮಾಸುಸರು 384ರಲ್ಲಿ ತೀರಿಕೊಂಡ ಮೇಲೆ, ಮರುವರ್ಷ, ಜೆರೋಮರು ರೋಮನ್ನೇ ಬಿಡಬೇಕಾಯಿತು. ಹಡಗು ಹತ್ತುವ ಮುನ್ನ ಗೆಳತಿ ಅಸೆಲ್ಲಾಳಿಗೆ ಬರೆದ ಪತ್ರದಲ್ಲಿ ಆ ಅಪವಾದದ ನೋವು, ಸಿಟ್ಟು ಎರಡೂ ಇವೆ. ಮಗಳು ಯೂಸ್ಟೋಕಿಯಮಳೊಂದಿಗೆ ಪೌಲಾ ಕೂಡ ಪವಿತ್ರ ನಾಡಿಗೆ ಹೋದಳು. ಬೇತ್ಲೆಹೇಮಿನಲ್ಲಿ ಆಕೆಯ ಹಣದಿಂದ ಮಠಗಳು ಎದ್ದವು. ಕೀರ್ತನೆಗಳನ್ನು ಮೂಲದಲ್ಲೇ ಹಾಡಬೇಕೆಂದು ಆಕೆ ಹೀಬ್ರೂ ಕಲಿತಳು. ಆಕೆಯ ಉಚ್ಚಾರದಲ್ಲಿ ಲ್ಯಾಟಿನ್ನಿನ ಸೋಂಕೇ ಇರಲಿಲ್ಲವೆಂದು ಜೆರೋಮರೇ ಬರೆದಿದ್ದಾರೆ. ತಮ್ಮ ಎಷ್ಟೋ ವ್ಯಾಖ್ಯಾನಗಳನ್ನು ಅವರು ಈ ತಾಯಿ ಮಗಳಿಗೆ ಅರ್ಪಿಸಿದರು. ಹೀಗಿದ್ದೂ, ಯುವ ಪಾದ್ರಿ ನೆಪೋಟಿಯನನಿಗೆ ಬರೆಯುವಾಗ, ಸ್ತ್ರೀಯರು ನಿನ್ನ ಹೊಸ್ತಿಲು ತುಳಿಯುವುದು ಅಪರೂಪವಾಗಿರಲಿ ಎಂದವರೂ ಇವರೇ. ಬೋಧಿಸಿದ್ದು ಒಂದು, ಬದುಕಿದ್ದು ಇನ್ನೊಂದು; ನನಗೇನೋ ಅವರ ಬದುಕೇ ಹೆಚ್ಚು ನಂಬಿಕೆಗೆ ಯೋಗ್ಯವೆನಿಸುತ್ತದೆ.

ಹಾಗೆಂದು ಎಚ್ಚರಿಕೆಯೇ ಬೇಡವೆನ್ನಲಾರೆ. ಪರಸ್ತ್ರೀಯೊಡನೆ ಒಬ್ಬಂಟಿಯಾಗಿ ಊಟ, ಪ್ರಯಾಣ ಮಾಡಬಾರದೆಂದು ಅಮೆರಿಕದ ಸುವಾರ್ತಿಕ ಬಿಲ್ಲಿ ಗ್ರಹಾಂ ಮತ್ತು ಅವರ ಸಂಗಡಿಗರು 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ ಮಾಡಿಕೊಂಡ ನಿಯಮವನ್ನು ನಮ್ಮಲ್ಲಿ ಅನೇಕರು ಉದಾಹರಿಸುತ್ತಾರೆ. ಅದು ಊರೂರು ಸುತ್ತುವ ಸುವಾರ್ತಿಕರು ತಮ್ಮ ಮೇಲೆ ತಾವೇ ಹಾಕಿಕೊಂಡ ಕಟ್ಟು. ಅದನ್ನು ಗಾಯನ ಮಂಡಳಿಯ ಹೆಣ್ಣುಮಗಳ ಮೇಲೆ ಹೇರುವುದು ನ್ಯಾಯವಲ್ಲ. ಅಪಾಯವಿರುವುದು ಒಬ್ಬರ ಕೈಯಲ್ಲಿ ಅಧಿಕಾರವಿದ್ದು ಇನ್ನೊಬ್ಬರು ಅವರನ್ನು ನಂಬಿ ಕಷ್ಟ ಹೇಳಿಕೊಳ್ಳಲು ಬಂದಾಗ. ಸಭಾಪಾಲಕರ ಕೋಣೆಯ ಬಾಗಿಲು ತೆರೆದಿರಬೇಕು, ಎಳೆಯರಿಗೆ ಕಲಿಸುವವರ ಜೊತೆ ಇನ್ನೊಬ್ಬ ಹಿರಿಯರಿರಬೇಕು ಎಂಬ ನಿಯಮಗಳನ್ನು ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿ ಬರೆದು ಗೋಡೆಗೆ ಅಂಟಿಸಲಿ, ಒಳ್ಳೆಯದೇ. ಎಲ್ಲರ ಕಣ್ಣೆದುರು ಅಂಗಳದಲ್ಲಿ ನಿಂತು ಆಡುವ ಮಾತಿಗೂ ಅದಕ್ಕೂ ಏನು ಸಂಬಂಧ?

ಇಂಥ ಕಟ್ಟಳೆಯ ನಷ್ಟ ಯಾವಾಗಲೂ ಹೆಂಗಸರದೇ ಎಂಬುದನ್ನೂ ಗಮನಿಸಿ. ಆರಾಧನೆಯ ನಂತರ ಚಹಾ ಹಿಡಿದು ನಿಂತ ಗಂಡಸರ ಗುಂಪಿನಲ್ಲೇ ಎಷ್ಟೋ ತೀರ್ಮಾನಗಳು ಆಗಿಹೋಗುತ್ತವೆ. ಆ ಗುಂಪಿನೊಡನೆ ಸಲಿಗೆಯಿಂದ ಮಾತನಾಡಲಾಗದ ಸ್ತ್ರೀಗೆ ಕಮಿಟಿಯಲ್ಲಿ ಸ್ಥಾನ ಸಿಕ್ಕರೂ ಅದು ಹೆಸರಿಗಷ್ಟೇ.

ಆದ್ದರಿಂದ ಮಂಡಳಿಯನ್ನು ಬಿಡಬೇಡಿ. ನಿಮ್ಮ ಯಜಮಾನರಿಗೆ ಈ ಸ್ನೇಹ ತಿಳಿದಿದೆ, ಅವರಿಗೆ ಬೇಸರವಿಲ್ಲ ಎಂದು ಬರೆದಿದ್ದೀರಿ; ಆ ಸಹೋದರರ ಪತ್ನಿಯ ಪರಿಚಯ ನಿಮಗಿದೆಯೇ ಎಂಬುದನ್ನು ಮಾತ್ರ ತಿಳಿಸಿಲ್ಲ. ಇಲ್ಲವಾದರೆ ಆ ದಂಪತಿಗಳನ್ನು ಒಂದು ಭಾನುವಾರ ಊಟಕ್ಕೆ ಕರೆಯಿರಿ. ಆಮೇಲೆ ನೀವೂ ಯಜಮಾನರೂ ಸೇರಿ ಸಭಾಪಾಲಕರನ್ನು ಕಂಡು, ಯಾವ ನಡತೆಯಲ್ಲಿ ತಪ್ಪು ಕಂಡಿತು, ನಿಮಗೆ ಹೇಳಿದ್ದನ್ನು ಆ ಸಹೋದರರಿಗೆ ಯಾಕೆ ಹೇಳಲಿಲ್ಲ ಎಂಬ ಎರಡು ಪ್ರಶ್ನೆಗಳನ್ನು ವಿನಯದಿಂದ ಕೇಳಿ. ಅವರ ಉತ್ತರವನ್ನು ನಮಗೂ ಬರೆದು ತಿಳಿಸಿರಿ.

— ಸಂಪಾದಕ