ಅಜ್ಜನ ಬಗ್ಗೆ ಒಂದು ಪುಟ ಬರೆಯಬೇಕು, ‘ಸರಳ ಸಜ್ಜನ’ ಆದಮೇಲೆ ಏನೂ ಹೊಳೆಯುತ್ತಿಲ್ಲ. ಏನು ಬರೆಯಲಿ?

ಅಜ್ಜ ತೀರಿಕೊಂಡು ನಾಲ್ಕು ದಿನ ಆಯಿತು, ವೈಕುಂಠ ಸಮಾರಾಧನೆಗೆ ಬಂದವರಿಗೆ ಹಂಚಲು ಒಂದು ಪುಟ ಬರೆದುಕೊಡು ಅಂತ ದೊಡ್ಡಪ್ಪ ಹೇಳಿದ್ದಾರೆ, ‘ಸರಳ ಸಜ್ಜನ, ಕುಟುಂಬವತ್ಸಲ’ ಅಂತ ಬರೆದಮೇಲೆ ಪೆನ್ನು ನಿಂತಿದೆ ಅಂದಿದ್ದೀರಿ. 2022ರಲ್ಲಿ ಇದೇ ಕೆಲಸ ನಮ್ಮನೆಯಲ್ಲಿ ನನ್ನ ತಲೆಗೆ ಬಿದ್ದಿತ್ತು. ಮೊದಲು ಆ ಎರಡು ಪದ ಹೊಡೆದುಹಾಕಿ. ಅವು ಯಾರ ಅಜ್ಜನಿಗಾದರೂ ಹೊಂದುತ್ತವೆ. ನಿಮ್ಮಜ್ಜ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು, ಯಾವುದಕ್ಕೆ ಸಿಡುಕುತ್ತಿದ್ದರು, ಪೇಪರಿನಲ್ಲಿ ಮೊದಲು ಏನು ನೋಡುತ್ತಿದ್ದರು, ಅಲ್ಲಿಂದ ಹಿಡಿಯಿರಿ.

ನಮ್ಮಜ್ಜ ಮೊದಲು ನೋಡುತ್ತಿದ್ದದ್ದು ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟ. ಗರಿಷ್ಠ 1819 ಅಡಿ, ಇವತ್ತು ಇಷ್ಟು, ಹೋದ ವರ್ಷ ಇದೇ ದಿನ ಇಷ್ಟು. ಆಮೇಲೆ ಅಡಿಕೆ ಧಾರಣೆ, ಆಮೇಲೆ ನಿಧನ ವಾರ್ತೆ. ರಾಜಕೀಯದ ಪುಟ ನೇರ ಬಚ್ಚಲ ಒಲೆಗೆ. ಅವನು ಹುಟ್ಟಿದ ಮನೆ, ತೋಟ, ಗದ್ದೆ ಎಲ್ಲ ಆ ನೀರಿನ ಅಡಿಗೆ ಹೋಗಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಅವನಿಗೆ ಮೂವತ್ತು. ಹೆಂಚು, ಬಾಗಿಲು, ತೊಲೆ ಬಿಚ್ಚಿಕೊಂಡು ಬಂದರಂತೆ. ತೋಟ ಬಿಚ್ಚಿಕೊಂಡು ಬರಲಿಕ್ಕಾಗುತ್ತದೆಯೇ? ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಆರೇಳು ವರ್ಷ ಬೇಕು. ಅಲ್ಲಿಯವರೆಗೆ ಕಂಡವರ ತೋಟದಲ್ಲಿ ಕೂಲಿ. ಅದೇ ಶರಾವತಿಗೆ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಈಗ ಹಿನ್ನೀರಿನ ಒಳಗೇ ಇದೆ, ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. ನಾವು ಮೊಮ್ಮಕ್ಕಳು ಸೆಲ್ಫಿಗೆ ಹೋಗುತ್ತಿದ್ದೆವು. ಅವನು ಒಮ್ಮೆಯೂ ಬರಲಿಲ್ಲ. ಯಾರಾದರೂ ಲೈಟು ಆರಿಸದೆ ಎದ್ದುಹೋದರೆ ಮಾತ್ರ, “ಗದ್ದೆ ಕೊಟ್ಟು ತಗಂಡ ಕರೆಂಟು ಇದು, ಸುಮ್ನೆ ಉರಸಡ” ಅನ್ನುತ್ತಿದ್ದ. ಇಡೀ ಮುಳುಗಡೆಯ ಬಗ್ಗೆ ಅವನ ಭಾಷಣ ಅಂದರೆ ಅಷ್ಟೇ.

ಎರಡನೆಯದು, ಮನೆಯವರನ್ನು ಬಿಟ್ಟು ಹೊರಗಿನವರನ್ನು ಕೇಳಿ. ಈ ವಾರ ನಿಮ್ಮ ಜಗಲಿಗೆ ಜನ ಬಂದು ಹೋಗುತ್ತಾರೆ. ಹದಿಮೂರು ದಿನ ಕಳೆದರೆ ಅವರ್ಯಾರೂ ಸಿಗುವುದಿಲ್ಲ, ಸಿಕ್ಕರೂ ಮಾತು ಬೇರೆ ಆಗಿರುತ್ತದೆ. ಕಾಫಿ ಕೊಟ್ಟು ಹತ್ತಿರ ಕೂತುಕೊಳ್ಳಿ. ನಮ್ಮಲ್ಲಿಗೆ ಬಂದವರಲ್ಲಿ ಹಳೇ ಕೊನೆಗೌಡ ಒಬ್ಬ, ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನು, ಔಷಧಿ ಹೊಡೆಯುವವನು. ಕೊನೆಗಾರಿಕೆ ಬಿಟ್ಟು ಎಷ್ಟೋ ವರ್ಷ ಆಗಿತ್ತು, ಮಂಡಿ ನೋವು. ಅವನು ಹೇಳಿದ್ದು: ಒಂದು ಮಳೆಗಾಲ ಎರಡನೇ ಔಷಧಿ ಹೊಡೆಯುವ ಹೊತ್ತಿಗೆ ಮಳೆ ಬಿಡಲೇ ಇಲ್ಲ. ಅಡಿಕೆಗೆ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ದ್ರಾವಣ, ಹೊಡೆದು ನಲವತ್ತು, ನಲವತ್ತೈದು ದಿನಕ್ಕೆ ಮತ್ತೊಮ್ಮೆ ಹೊಡೆಯದಿದ್ದರೆ ಕೊಳೆರೋಗ ಬಂತೆಂದೇ ಲೆಕ್ಕ, ಕಾಯಿ ಉದುರಿ ತೋಟದಲ್ಲಿ ಹಾಸಿಬಿಡುತ್ತದೆ. ಮೈಲುತುತ್ತು, ಸುಣ್ಣ ಎಲ್ಲ ಕದಡಿ ರೆಡಿ. ಇವನು ಮರ ಹತ್ತಿ ಅರ್ಧಕ್ಕೆ ಹೋಗಿದ್ದಾನೆ, ಕೆಳಗಿಂದ ಅಜ್ಜ, “ಮರ ಜಾರ್ತದೆ, ಇಳಿ ಮಾರಾಯ. ಕೊಳೆ ಬಂದ್ರೆ ಬರ್ಲಿ.” ಆ ದಿನದ ಕೂಲಿಯನ್ನೂ ಕೊಟ್ಟನಂತೆ. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಆ ವರ್ಷ ಕೊಳೆ ಬಂದಿದ್ದು ಮಾತ್ರ ಎಲ್ಲರಿಗೂ ನೆನಪಿದೆ, ಯಾಕೆಂದರೆ ಚಿಕ್ಕಪ್ಪನ ಮದುವೆ ಮುಂದಕ್ಕೆ ಹೋಗಿತ್ತು.

ದಿನಚರಿ, ಲೆಕ್ಕದ ಪುಸ್ತಕ, ಸೊಸೈಟಿಯ ಪಾಸ್‌ಬುಕ್ಕು ಏನಿದ್ದರೂ ತೆಗೆದು ನೋಡಿ. ನಮ್ಮಜ್ಜನ ಡೈರಿಯಲ್ಲಿ ಭಾವನೆ ಅನ್ನುವುದು ಒಂದು ಸಾಲೂ ಇಲ್ಲ. ಮಳೆ ಎಷ್ಟು ಇಂಚು, ಯಾರು ಕೆಲಸಕ್ಕೆ ಬಂದರು, ಎಮ್ಮೆ ಯಾವಾಗ ಕರು ಹಾಕಿತು. ನಾನು ಹುಟ್ಟಿದ ದಿನದ್ದು ಹುಡುಕಿದೆ: “ಮಳೆ ಇಲ್ಲ. ಸಾಗರದಲ್ಲಿ ಹೆಣ್ಣು ಮಗು. ಬರುವಾಗ ಮೈಲುತುತ್ತು ತಂದದ್ದು.” ಇದನ್ನು ಹಾಗೇ ಆ ಪುಟಕ್ಕೆ ಹಾಕಿದೆ. ಊಟಕ್ಕೆ ಬಂದವರು ಓದಿ ನಕ್ಕರು, ಸಾವಿನ ಮನೆಯಲ್ಲಿ ನಗಬಾರದು ಅಂತೇನಿಲ್ಲ.

‘ಕುಟುಂಬವತ್ಸಲ’ವನ್ನೂ ಹೀಗೇ ಒಡೆದು ನೋಡಿ. ನಮ್ಮಜ್ಜ ಉಪ್ಪಿನಕಾಯಿಗೆ ಅಪ್ಪೆಮಿಡಿ ಮಾವು ಕೊಯ್ಯಿಸಿದ ದಿನ ಜಗಲಿಯ ಮೇಲೆ ಪೇಪರು ಹಾಸಿ, ಹೆಣ್ಣುಮಕ್ಕಳು ಎಷ್ಟು ಜನರೋ ಅಷ್ಟು ಗುಡ್ಡೆ ಮಾಡುತ್ತಿದ್ದ. ಅಳತೆ ಪಾತ್ರೆ ಒಪ್ಪುತ್ತಿರಲಿಲ್ಲ, ಒಂದೊಂದೇ ಎಣಿಸಬೇಕು. ತೊಟ್ಟು ಮುರಿದು ಮೂಗಿಗೆ ಹಿಡಿದು, ಸೊನೆ ಚುರುಕಾಗಿ ಪರಿಮಳ ಬಂದರೆ ಗುಡ್ಡೆಗೆ, ಇಲ್ಲದಿದ್ದರೆ ಬದಿಗೆ. ಪೆಟ್ಟು ತಿಂದದ್ದು, ಬಲಿತದ್ದು ಎಲ್ಲ ನಮ್ಮನೆ ಭರಣಿಗೆ. ಅಜ್ಜಿ ಪ್ರತಿ ವರ್ಷ ಗೊಣಗುತ್ತಿದ್ದಳು. ಉಪ್ಪಿನಲ್ಲಿ ಹಾಕಿ ನೀರು ಬಿಟ್ಟ ಮೇಲೆ ಅವನೇ ಬಸ್ಸಿನಲ್ಲಿ ಒಬ್ಬೊಬ್ಬರ ಮನೆಗೂ ಮುಟ್ಟಿಸಿ ಬರುತ್ತಿದ್ದ. ಪ್ರೀತಿ ಅಂತ ಬಾಯಲ್ಲಿ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಇನ್ನೊಂದು ವಿಷಯಕ್ಕೆ ಮನೆಯಲ್ಲಿ ಜಗಳವೇ ಆದೀತು: ಕೊರತೆಗಳನ್ನು ಬರೆಯಬೇಕೋ ಬೇಡವೋ. ದೊಡ್ಡವರು ಬೇಡ ಅನ್ನುತ್ತಾರೆ. ನನ್ನ ಕೇಳಿದರೆ ಒಂದಾದರೂ ಇರಲಿ. ಅಜ್ಜ ದೊಡ್ಡ ಅತ್ತೆಯ ಓದನ್ನು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದ್ದ, ಅವಳಿಗೆ ಒಳ್ಳೇ ಮಾರ್ಕು ಬಂದಿತ್ತು. ಬರೆಯಲೋ ಬೇಡವೋ ಅಂತ ಅವಳನ್ನೇ ಕೇಳಿದೆ. “ಬರಿ. ಅದನ್ನ ಬಿಟ್ರೆ ಬೇರೆ ಯಾರದ್ದೋ ಅಪ್ಪನ ಕಥೆ ಆಗ್ತು” ಅಂದಳು. ಬರೆದೆ. ಮೊದಲ ಪಂಕ್ತಿಯಲ್ಲಿ ಕೂತು ಅವಳೇ ಅದನ್ನು ಪಕ್ಕದವರಿಗೆ ಓದಿ ಹೇಳಿದಳು. ಆದರೆ ಪೆಟ್ಟು ತಿಂದವರ ಒಪ್ಪಿಗೆ ಇಲ್ಲದೆ ಬರೆಯಬೇಡಿ, ಅದು ಬೇರೆ ಥರದ ಅನ್ಯಾಯ.

ಫೋಟೋ ವಿಷಯದಲ್ಲಿ ಹುಷಾರು. ಸ್ಟುಡಿಯೋದವರಿಗೆ ಆಧಾರ್ ಕಾರ್ಡಿನ ಚಿತ್ರ ಕೊಟ್ಟರೆ ಹಿಂದೆ ನೀಲಿ ಪರದೆ ಹಾಕಿ, ಮೈಮೇಲೆ ಒಂದು ಕೋಟು ಕೂರಿಸಿ ಕಳಿಸುತ್ತಾರೆ. ನಮ್ಮಜ್ಜ ಜನ್ಮದಲ್ಲಿ ಕೋಟು ಹಾಕಿದವನಲ್ಲ. ಕೊನೆಗೆ ತಂಗಿಯ ಫೋನಿನಲ್ಲಿ ಒಂದು ಸಿಕ್ಕಿತು: ಅಡಿಕೆ ಹಾಳೆಯ ಟೊಪ್ಪಿ, ಹೆಗಲ ಮೇಲೆ ಪಂಚೆ, ಮಡಿಲಲ್ಲಿ ಕವಳ (ಎಲೆಯಡಿಕೆ) ಕುಟ್ಟುವ ಕುಟ್ಟಾಣಿ. ಹಲ್ಲು ಹೋದಮೇಲೂ ಕವಳ ಬಿಟ್ಟಿರಲಿಲ್ಲ. ಮಸುಕಾಗಿದೆ ಅಂತ ಚಿಕ್ಕಪ್ಪ ತಕರಾರು ಮಾಡಿದ, ನಾವು ಅದನ್ನೇ ಹಾಕಿಸಿದೆವು. ಹಾಗೇ ಎಲ್ಲರ ವಾಟ್ಸಾಪಿನಲ್ಲಿರುವ ಅವರ ವಾಯ್ಸ್ ಮೆಸೇಜುಗಳನ್ನು ಈಗಲೇ ಒಂದು ಕಡೆ ತೆಗೆದಿಡಿ. ಫೋನು ಬದಲಾಯಿಸಿದಾಗ ಮೊದಲು ಹೋಗುವುದು ಅವೇ.

ಒಂದೇ ಪುಟ ತುಂಬುವಷ್ಟು ಬರೆಯಿರಿ, ಜನ ಎಲೆ ಹಾಕುವವರೆಗೆ ಓದಿ ಮುಗಿಸುವಂತಿರಲಿ. ಸಂಸ್ಕೃತ ಶ್ಲೋಕ ಬೇಕು ಅಂತ ಯಾರಾದರೂ ಹಟ ಹಿಡಿದರೆ ಮೇಲೊಂದು ಹಾಕಿ ಸುಮ್ಮನಾಗಿ. ಪ್ರೆಸ್ಸಿಗೆ ಎರಡು ದಿನ ಮೊದಲೇ ಕೊಡಿ, ಡಿಟಿಪಿಯಲ್ಲಿ ಒತ್ತಕ್ಷರ ಎಲ್ಲೆಲ್ಲೋ ಹಾರುತ್ತವೆ. ಕೊನೆಯಲ್ಲಿ ಬರುವ ಮಕ್ಕಳು, ಸೊಸೆಯಂದಿರು, ಅಳಿಯಂದಿರ ಹೆಸರನ್ನು ಅಜ್ಜಿಯ ಹತ್ತಿರ ಕೂತು ಎರಡು ಸಲ ಓದಿಸಿ. ಒಬ್ಬ ಅಳಿಯನ ಹೆಸರು ಬಿಟ್ಟುಹೋದರೂ ಊಟದ ಪಂಕ್ತಿಯಲ್ಲಿ ಅಜ್ಜನ ಮಾತು ಹೋಗಿ ಅದೇ ಮಾತಾಗುತ್ತದೆ.