ಏಳನೇ ಪುಟದ ಫೋನ್

ನಮಸ್ಕಾರ.

ನೀವು ಕಳಿಸಿದ ಕಿರುಚಿತ್ರದ ಚಿತ್ರಕಥೆ ಓದಿದೆ. ಎರಡು ಸಲ ಓದಿದೆ. 12 ಪುಟ, ಅಂದರೆ ತೆರೆಯ ಮೇಲೆ ಹೆಚ್ಚುಕಡಿಮೆ 12 ನಿಮಿಷ. ಬರವಣಿಗೆ ಚೊಕ್ಕವಾಗಿದೆ. ಮಾತು ಕಡಿಮೆ ಇಟ್ಟಿದ್ದೀರಿ, ಒಳ್ಳೆಯದು. ನನ್ನನ್ನು ನಿನ್ನೆ ರಾತ್ರಿಯಿಂದ ಕಾಡುತ್ತಿರುವುದು ಬೇರೆ ಸಂಗತಿ. ಅದನ್ನೇ ಬರೆಯುತ್ತೇನೆ.

ಏಳನೇ ಪುಟ. ಅಪ್ಪ ಸಾಯುವ ಮುಂಚೆ ಮಾಡಿದ ಕೊನೆಯ ಕರೆಯನ್ನು ಮಗ ಎತ್ತಿರಲಿಲ್ಲ. ಈಗ ಅವನು ಮನೆಯಲ್ಲಿ ಒಬ್ಬನೇ ಕೂತಿದ್ದಾನೆ. ಮರದ ಮೇಜಿನ ಮೇಲೆ ಫೋನ್ ವೈಬ್ರೇಟ್ ಆಗುತ್ತದೆ. ಗುರ್ರ್ ಅನ್ನುತ್ತದೆ, ನಿಲ್ಲುತ್ತದೆ, ಮತ್ತೆ ಗುರ್ರ್. ಪ್ರತಿ ಸಲವೂ ಅಂಚಿನ ಕಡೆಗೆ ಒಂದಿಷ್ಟು ಸರಿಯುತ್ತದೆ. ಅವನು ನೋಡುತ್ತಲೇ ಇರುತ್ತಾನೆ. ಕೈ ಚಾಚುವುದಿಲ್ಲ. ಫೋನ್ ಬೀಳುತ್ತದೆ.

ಇಷ್ಟು ಓದಿ ನಾನು ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಎಷ್ಟೋ ದಿನದಿಂದ ಯಾರ ಚಿತ್ರಕಥೆಯೂ ನನ್ನನ್ನು ಹೀಗೆ ಹಿಡಿದಿರಲಿಲ್ಲ. ಆಮೇಲೆ ಮುಂದಿನ ಸಾಲು ಓದಿದೆ. "ಫೋನ್ ಅವನ ಪಾಪಪ್ರಜ್ಞೆಯ ಸಂಕೇತ" ಎಂದು ಬರೆದಿದ್ದೀರಿ.

ನನಗೆ ನಿಜಕ್ಕೂ ಸಿಟ್ಟು ಬಂತು. ಈ ಸಾಲನ್ನು ಕ್ಯಾಮೆರಾ ತೆಗೆಯಲಾರದು, ಮೈಕ್ ಹಿಡಿಯಲಾರದು. ಹಾಗಾದರೆ ಇದನ್ನು ಯಾರಿಗಾಗಿ ಬರೆದಿರಿ? ಓದುವವನಿಗೆ ಅರ್ಥವಾಗದೇ ಹೋದರೆ ಎಂಬ ಭಯಕ್ಕೆ, ಅಲ್ವಾ? ಆ ಭಯ ಎಂಟನೇ ಪುಟವನ್ನು ಪೂರ್ತಿ ನುಂಗಿದೆ. ಅದರ ಐದು ಸಾಲುಗಳನ್ನು ಇಲ್ಲಿ ಬಿಡಿಸಿ ನೋಡೋಣ.

"ಗೋಡೆ ಗಡಿಯಾರದ ಟಿಕ್ ಟಿಕ್ ಜೋರಾಗುತ್ತಾ ಹೋಗುತ್ತದೆ." ಗಡಿಯಾರ ತಾನಾಗಿ ಜೋರಾಗುವುದಿಲ್ಲ. ಸುತ್ತಲಿನ ಬೇರೆ ಸದ್ದು ಇಳಿದಾಗ ಅದು ಮೇಲೆ ಬರುತ್ತದೆ. ದೊಡ್ಡ ಸದ್ದು ಸಣ್ಣದನ್ನು ಮುಚ್ಚಿಡುತ್ತದೆ, ಸೌಂಡ್ ಕೆಲಸದವರು ಇದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ. ಫ್ರಿಜ್ಜಿನ ಕಂಪ್ರೆಸರ್ ಓಡುತ್ತಿರುವಾಗ ಅದು ನಮ್ಮ ಗಮನಕ್ಕೇ ಬರುವುದಿಲ್ಲ. ಅದು ಒಮ್ಮೆ ನಡುಗಿ ನಿಲ್ಲುತ್ತದೆ ನೋಡಿ, ಮನೆ ಎಷ್ಟು ಖಾಲಿ ಎಂದು ಆಗ ಗೊತ್ತಾಗುತ್ತದೆ. "ಫ್ರಿಜ್ ನಿಲ್ಲುತ್ತದೆ. ಗಡಿಯಾರ ಕೇಳಿಸುತ್ತದೆ." ಹೀಗೆ ಬರೆದು ನೋಡಿ. ಇದೇ ಗಡಿಯಾರ, ಆದರೆ ಈಗ ಅದನ್ನು ಕೇಳಿಸಿಕೊಳ್ಳಲು ಒಬ್ಬ ಮನುಷ್ಯ ಕೋಣೆಯಲ್ಲಿದ್ದಾನೆ. ಅವನ ತಳಮಳ ಅವನ ಕಿವಿಯಲ್ಲಿದೆ.

"ಕನ್ನಡಿ ಬಿರುಕು ಬಿಡುತ್ತದೆ." "ಪಂಜರದಲ್ಲಿ ಹಕ್ಕಿ ರೆಕ್ಕೆ ಬಡಿಯುತ್ತದೆ." ಇವೆರಡೂ ಬೇಡ. ಈ ಕನ್ನಡಿಯನ್ನು ಯಾರೂ ಮುಟ್ಟಿಲ್ಲ, ಈ ಹಕ್ಕಿ ಹಿಂದಿನ ಏಳು ಪುಟಗಳಲ್ಲಿ ಎಲ್ಲೂ ಇಲ್ಲ. ಇವು ನಿಮ್ಮ ಕಥೆಯ ಮನೆಯಲ್ಲಿ ಬದುಕಿದ ವಸ್ತುಗಳಲ್ಲ, ಬೇರೆ ಚಿತ್ರಗಳಿಂದ ಎರವಲು ಬಂದವು. ಫೋನ್ ಹಾಗಲ್ಲ. ಅದು ಮೊದಲ ಪುಟದಿಂದ ಅವನ ಜೇಬಿನಲ್ಲಿತ್ತು, ಅದರಲ್ಲಿ ಅಪ್ಪನ ಕರೆ ಇತ್ತು. ಮೊದಲು ಅದು ವಸ್ತುವಾಗಿ ಕೆಲಸ ಮಾಡಿತು. ಆಮೇಲೆ ಭಾರ ತಾನಾಗಿ ಬಂತು.

"ಹೊರಗೆ ಗುಡುಗು, ಮಳೆ. ಹಿನ್ನೆಲೆಯಲ್ಲಿ ವಿಷಾದದ ಪಿಟೀಲು." ಈ ಸಾಲಿನಲ್ಲಿ ನನಗೆ ನಾನೇ ಕಂಡೆ.

ನಾನು ಬರವಣಿಗೆಗೆ ಬರುವ ಮುಂಚೆ ಎರಡು ವರ್ಷ ಒಬ್ಬ ಸೌಂಡ್ ಎಡಿಟರ್ ಹತ್ತಿರ ಸಹಾಯಕನಾಗಿದ್ದೆ. ಮೊದಲ ಸಲ ಅವರು ಒಂದು ದೃಶ್ಯವನ್ನು ಪೂರ್ತಿ ನನ್ನ ಕೈಗೆ ಕೊಟ್ಟರು. ತೀರಿಕೊಂಡ ಗಂಡನ ಅಂಗಿಗಳನ್ನು ಒಬ್ಬಾಕೆ ಮಡಚಿಡುವ ದೃಶ್ಯ. ನಾನು ಎರಡು ವಾರ ಕೂತು ಆರು ಟ್ರ್ಯಾಕ್ ಹಾಕಿದೆ. ಮಳೆ, ಗಾಳಿ, ದೂರದ ರೈಲು, ಉಸಿರು, ಪಿಟೀಲು, ಬಟ್ಟೆಯ ಸದ್ದು. ಅವರು ಒಮ್ಮೆ ಕೇಳಿದರು. ಏನೂ ಹೇಳದೆ ಒಂದೊಂದೇ ಟ್ರ್ಯಾಕ್ ಮ್ಯೂಟ್ ಮಾಡುತ್ತಾ ಹೋದರು. ಪಿಟೀಲು ಹೋಯಿತು, ಮಳೆ ಹೋಯಿತು, ರೈಲು ಹೋಯಿತು. ಕೊನೆಗೆ ಬಟ್ಟೆಯ ಟ್ರ್ಯಾಕ್ ಒಂದೇ ಉಳಿಯಿತು. ಆಕೆ ಅಂಗಿ ಇಡುವಾಗ ಗುಂಡಿಗಳು ಮರಕ್ಕೆ ತಗಲುತ್ತಿದ್ದವು. ಟಕ್. ಸ್ವಲ್ಪ ಬಿಟ್ಟು ಇನ್ನೊಂದು ಟಕ್. ಅದನ್ನು ನಾನೇ ರೆಕಾರ್ಡ್ ಮಾಡಿದ್ದೆ, ಆದರೂ ಅಲ್ಲಿಯವರೆಗೆ ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ಎರಡು ವಾರದ ಕೆಲಸ ಹೋಯಿತಲ್ಲ ಎಂದು ಅವತ್ತು ಅವರ ಜೊತೆ ಮಾತಾಡದೆ ಎದ್ದು ಹೋದೆ. ಮರುದಿನ ಬೆಳಗ್ಗೆ ಯಾರೂ ಬರುವ ಮೊದಲೇ ಬಂದು ಆ ದೃಶ್ಯವನ್ನು ಮತ್ತೆ ಹಾಕಿಕೊಂಡು ಕೇಳಿದೆ. ಆ ಗುಂಡಿಗಳ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಐದನೇ ಸಾಲು, "ಪೂರ್ತಿ ಮೌನ." ಇಲ್ಲಿ ಸ್ವಲ್ಪ ನಿಲ್ಲಿ. ಟ್ರ್ಯಾಕಿನಲ್ಲಿ ಏನೂ ಇಲ್ಲದಿದ್ದರೆ ನೋಡುವವರಿಗೆ ಮೌನ ಅನ್ನಿಸುವುದಿಲ್ಲ, ಸ್ಪೀಕರ್ ಕೆಟ್ಟಿತು ಅನ್ನಿಸುತ್ತದೆ. ಅದಕ್ಕೇ ಶೂಟಿಂಗ್ ಜಾಗದಲ್ಲಿ ರೆಕಾರ್ಡಿಸ್ಟ್ ಎಲ್ಲರನ್ನೂ ಅಲ್ಲಾಡದೆ ನಿಲ್ಲಿಸಿ, ಅರ್ಧ ನಿಮಿಷವೋ ಒಂದು ನಿಮಿಷವೋ ಆ ಕೋಣೆಯ ಸದ್ದನ್ನಷ್ಟೇ ಹಿಡಿದಿಡುತ್ತಾರೆ. ಇದು ರೂಮ್ ಟೋನ್. ಪ್ರತಿ ಕೋಣೆಯದೂ ಬೇರೆ. ಹಾಗಾಗಿ ಮೌನ ಎಂದು ಬರೆದರೆ ಸಾಲದು. ಯಾವ ಸದ್ದು ಹೋಯಿತು, ಯಾವುದು ಉಳಿಯಿತು ಎಂದು ಬರೆಯಬೇಕು. ನಿಮ್ಮ ಕಥೆಯಲ್ಲಿ ಫೋನ್ ಬಿದ್ದ ಮೇಲೆ ಉಳಿಯುವುದು ಏನು? ನನಗೆ ಅದು ಬೇಕು.

ಸದ್ದಿಗೆಲ್ಲ ಮೂಲ ಕಾಣಿಸಲೇಬೇಕು, ಎಲ್ಲವೂ ನಿಜ ಜೀವನದ ಹಾಗೇ ಕೇಳಿಸಬೇಕು ಎಂದು ನಾನು ಹೇಳುತ್ತಿಲ್ಲ. ಹಿಚ್‌ಕಾಕ್ 1929ರಲ್ಲಿ, ಮಾತಿನ ಚಿತ್ರಗಳು ಇನ್ನೂ ಹೊಸದಾಗಿದ್ದಾಗ, 'ಬ್ಲ್ಯಾಕ್‌ಮೇಲ್' ತೆಗೆದರು. ತನ್ನ ಮೇಲೆ ಬಿದ್ದವನನ್ನು ಚಾಕುವಿನಿಂದ ಕೊಂದ ಹುಡುಗಿ ಬೆಳಗ್ಗೆ ಮನೆಯವರ ಜೊತೆ ತಿಂಡಿಗೆ ಕೂತಿದ್ದಾಳೆ. ಪಕ್ಕದ ಮನೆಯಾಕೆ ಕೊಲೆಯ ಸುದ್ದಿ ಹರಟುತ್ತಾ ನಿಂತಿದ್ದಾಳೆ. ಹರಟೆ ಮಂಕಾಗುತ್ತಾ ಗೊಣಗಾಟವಾಗುತ್ತದೆ. "ಚಾಕು" ಎಂಬ ಮಾತು ಮಾತ್ರ ಮತ್ತೆ ಮತ್ತೆ ಸ್ಪಷ್ಟವಾಗಿ ಚುಚ್ಚುತ್ತದೆ. ಋತ್ವಿಕ್ ಘಟಕ್ ಅವರ ಬಂಗಾಳಿ ಚಿತ್ರ 'ಮೇಘೇ ಢಾಕಾ ತಾರಾ' 1960ರದು. ತನ್ನನ್ನು ಪ್ರೀತಿಸಿದವನ ಮನೆಯಲ್ಲಿ ಇನ್ನೊಬ್ಬ ಹೆಣ್ಣಿದ್ದಾಳೆ ಎಂದು ತಿಳಿದ ನಾಯಕಿ ನೀತಾ ಮೆಟ್ಟಿಲಿಳಿದು ಬರುವಾಗ ಚಾಟಿ ಬೀಸಿದ ಸದ್ದು ಕೇಳಿಸುತ್ತದೆ. ಅಲ್ಲಿ ಚಾಟಿ ಎಲ್ಲೂ ಇಲ್ಲ. ಆದರೂ ನಮ್ಮ ಬೆನ್ನು ಸೆಟೆಯುತ್ತದೆ. ಎರಡೂ ಕಡೆ ಒಂದು ಮಾತು, ಒಂದು ಸದ್ದು. ಅದರ ಪಕ್ಕ ಕನ್ನಡಿ, ಹಕ್ಕಿ, ಗುಡುಗು ನಿಂತಿದ್ದರೆ ಏನೂ ಉಳಿಯುತ್ತಿರಲಿಲ್ಲ.

ನಿಮ್ಮ ಮೊದಲ ಆರು ಪುಟಗಳ ಬಗ್ಗೆ ನಾನೇನೂ ಹೇಳಿಲ್ಲ, ಕೊನೆಯ ನಾಲ್ಕರ ಬಗ್ಗೆಯೂ ಇಲ್ಲ. ಅವುಗಳನ್ನು ಆಮೇಲೆ ನೋಡೋಣ. ಮೊದಲು ಎಂಟನೇ ಪುಟ ಹರಿದುಹಾಕಿ. ಏಳನೇ ಪುಟದಲ್ಲಿ ಆ ಸಂಕೇತದ ಸಾಲನ್ನು ಹೊಡೆದುಹಾಕಿ, ಉಳಿದ ಒಂದಕ್ಷರವನ್ನೂ ಮುಟ್ಟಬೇಡಿ. ಆಮೇಲೆ ನಿಮ್ಮ ಮನೆಯ ಮೇಜಿನ ಮೇಲೆ ಫೋನ್ ಇಟ್ಟು ವೈಬ್ರೇಟ್ ಮಾಡಿ ಕೇಳಿ. ಮರದ ಮೇಲೆ ಒಂದು ಥರ, ಗಾಜಿನ ಮೇಲೆ ಇನ್ನೊಂದು ಥರ, ಪುಸ್ತಕದ ಮೇಲೆ ಮತ್ತೊಂದು ಥರ ಕೇಳಿಸುತ್ತದೆ. ಯಾವುದರಿಂದ ನಿಮ್ಮ ಮೈ ಜುಮ್ ಅನ್ನುತ್ತದೋ ಅದನ್ನು ಬರೆಯಿರಿ.

ಹಾಗೇ ಇನ್ನೊಂದು ಸಂಗತಿ ತೀರ್ಮಾನ ಮಾಡಿ ಕಳಿಸಿ. ಫೋನ್ ಬೀಳುವುದು ಬರೀ ನೆಲದ ಮೇಲೋ, ಹಾಸಿದ ಬಟ್ಟೆಯ ಮೇಲೋ? ಬಿದ್ದ ಮೇಲೂ ಅದು ವೈಬ್ರೇಟ್ ಆಗುತ್ತಲೇ ಇರುತ್ತದೋ, ಇಲ್ಲವೋ?